ಬಾಯಿ ಮುಚ್ಚಿಕೊಂಡು ಕಬಡ್ಡಿ

ನಮ್ಮ ಕಡೆಯವರ ಬಾಯಿ ಜೋರು ಎಂದು ಹೊರಗಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಸುಳ್ಳೇನಲ್ಲ. ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಭಾವಮೈದುನರು ಊಟವಾಯಿತೇ ಎಂದು ವಿಚಾರಿಸಿಕೊಳ್ಳುತ್ತಿದ್ದಾಗ, ಮೈಸೂರಿನವರೊಬ್ಬರು ಜಗಳ ಬಿಡಿಸಲು ಎದ್ದು ಬಂದದ್ದನ್ನು ನಾನೇ ಕಂಡಿದ್ದೇನೆ. ಇಂಥ ಊರಿನಲ್ಲಿ, ಸದ್ದು ಮಾಡದೆ ಕಬಡ್ಡಿ ಆಡುವುದನ್ನು ಹೆಣ್ಣುಮಕ್ಕಳಿಗೆ ಕಲಿಸುವ ಭಾಗ್ಯ ಹೈಸ್ಕೂಲಿನ ಪಿ.ಟಿ. ಮೇಡಂ ಆದ ನನ್ನ ಪಾಲಿಗೆ ಬಂತು.

ಶಾಲೆಯ ಮೈದಾನದಲ್ಲಿ ಹೊಸ ಕೊಠಡಿಗಳಿಗೆಂದು ಜಲ್ಲಿ ಸುರಿದಿದ್ದರು. ಕೊಠಡಿ ಏಳಲಿಲ್ಲ, ಜಲ್ಲಿಯ ಮೇಲೆ ಪಾರ್ಥೇನಿಯಂ ಎದ್ದಿತು. ಅಲ್ಲಿ ಬಿದ್ದರೆ ಮಂಡಿಚಿಪ್ಪು ಅಲ್ಲೇ ಉಳಿಯುತ್ತಿತ್ತು. ಇನ್ನು ನಮಗಿದ್ದದ್ದು ಪಾರ್ಕಿಗೆ ಅಂಟಿಕೊಂಡ ಊರಿನ ಮೈದಾನ. ಅಲ್ಲಿ ಹುಡುಗರು ದಿನವಿಡೀ ಕ್ರಿಕೆಟ್ ಆಡುತ್ತಾರೆ. ಅನುಮತಿ ಎಂಬ ಪದದ ಕಾಗುಣಿತವೂ ಅವರಿಗೆ ಗೊತ್ತಿರಲಾರದು. ನಾವು ಹೋಗಿ ಒಂದು ಮೂಲೆಯಲ್ಲಿ ಸುಣ್ಣದ ಗೆರೆ ಎಳೆದ ಕೂಡಲೇ ಪಾರ್ಕಿನ ಕಾವಲುಗಾರ ಬಂದು, ಹೆಣ್ಣುಮಕ್ಕಳು ಅಂದಮೇಲೆ ಒಂದು ಪರ್ಮಿಷನ್ ಇರಲಿ, ನಿಮ್ಮ ಒಳ್ಳೆಯದಕ್ಕೇ ಎಂದ. ನಿಮ್ಮ ಒಳ್ಳೆಯದಕ್ಕೆ ಎಂದು ಯಾರು ಹೇಳಿದರೂ ನನಗೆ ಪಿತ್ತ ನೆತ್ತಿಗೇರುತ್ತದೆ. ಆದರೂ ಅರ್ಜಿ ಕೊಟ್ಟೆ.

ಪಾರ್ಕು, ಮೈದಾನ ಎರಡರ ಉಸ್ತುವಾರಿಯ ಅಧಿಕಾರಿ ಒಳ್ಳೆಯ ಮನುಷ್ಯ. ಹೋದಾಗಲೆಲ್ಲ ಕೂರಿಸಿ ಟೀ ತರಿಸುತ್ತಿದ್ದರು, ಟೀ ಕುಡಿಸಿ ನಾಳೆ ಬನ್ನಿ ಎನ್ನುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಿದೆ. ಈ ಪೂಜಾರಿ ಬರೀ ತೀರ್ಥ ಕೊಟ್ಟು ಕಳಿಸುತ್ತಿದ್ದ. ಕೊನೆಗೂ ಶಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗೆ ಆಡಬಹುದೆಂದು ಅನುಮತಿ ಬಂತು. ಕೆಳಗೊಂದು ಷರತ್ತು: ಪಾರ್ಕಿನಲ್ಲಿ ವಿಹರಿಸುವ ಹಿರಿಯ ನಾಗರಿಕರಿಗೆ ತೊಂದರೆಯಾಗದಂತೆ, ಯಾವುದೇ ಶಬ್ದ ಮಾಡದೆ ಆಡತಕ್ಕದ್ದು.

ಕಬಡ್ಡಿ ಆಡುವಾಗ ಕಬಡ್ಡಿ ಎನ್ನಲೇಬೇಕು, ಆ ಆಟದ ಜೀವವೇ ಅದು ಎಂದು ವಿವರಿಸಿದೆ. ಎದುರಾಳಿಯ ಅಂಕಣಕ್ಕೆ ಹೋದವಳು ಒಂದೇ ಉಸಿರಿನಲ್ಲಿ, ಅಂಪೈರ್ ಕಿವಿಗೆ ಬೀಳುವಂತೆ ಅನ್ನುತ್ತಲೇ ಇರಬೇಕು. ಕೇಳಿಸದಿದ್ದರೆ ಸೀಟಿ ಊದಿ ವಾಪಸ್ ಕಳಿಸುತ್ತಾರೆ, ಅಂಕ ಎದುರಾಳಿಗೆ ಹೋಗುತ್ತದೆ. ಅಧಿಕಾರಿ ಕನ್ನಡಕ ತೆಗೆದು ಒರೆಸುತ್ತಾ ಯೋಚಿಸಿದರು.

"ಮನಸ್ನಲ್ಲೇ ಅಂದ್ಕಳ್ಳಿ ಮೇಡಂ. ಮಂತ್ರನೂ ಅಂಗೇ ತಾನೇ ಏಳ್ಕಳದು."

ತಮಾಷೆ ಮಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ಪಾಪ, ನನ್ನ ಕಷ್ಟಕ್ಕೆ ನಿಜವಾಗಿಯೂ ಪರಿಹಾರ ಹುಡುಕಿದ್ದರು.

ಆ ಹಿರಿಯ ನಾಗರಿಕರ ವಿಚಾರವನ್ನೂ ಹೇಳಬೇಕು. ಸಂಜೆ ವಾಕಿಂಗ್ ಮಾಡುವ ಅವರದೊಂದು ಸಂಘ, ಅದಕ್ಕೊಬ್ಬರು ಅಧ್ಯಕ್ಷರು. ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಹುದ್ದೆ ಇನ್ನೂ ಅವರಿಂದ ನಿವೃತ್ತವಾಗಿರಲಿಲ್ಲ. ನಾವು ಆಡುವ ಮೊದಲೇ, ಹುಡುಗಿಯರ ಕೂಗಾಟದಿಂದ ಮನಶ್ಶಾಂತಿ ಕೆಡುತ್ತದೆ ಎಂದು ದೂರು ಕೊಟ್ಟವರು ಅವರೇ. ಇದೇ ಸಂಘದವರು ಬೆಳಗಾಗೆದ್ದು ಅದೇ ಪಾರ್ಕಿನಲ್ಲಿ ನಗೆಕೂಟ ನಡೆಸುತ್ತಾರೆ. ವೃತ್ತಾಕಾರವಾಗಿ ನಿಂತು, ಕೈ ಮೇಲೆತ್ತಿ, ನಗುವಂಥದ್ದು ಏನೂ ಇಲ್ಲದೆ ಹೊಟ್ಟೆ ಅದುರುವಂತೆ ಗಹಗಹಿಸುತ್ತಾರೆ. ಮರದ ಕಾಗೆಗಳು ಆ ಹೊತ್ತಿಗೆ ಶಿಂಷಾ ಹೊಳೆ ದಾಟಿರುತ್ತವೆ. ಕೇಳಿದರೆ ಅದು ಆರೋಗ್ಯವಂತೆ. ಇನ್ನು ಮುಖಂಡರ ಹುಟ್ಟುಹಬ್ಬಕ್ಕೆ ಅದೇ ಮೈದಾನದಲ್ಲಿ ಡಿಜೆ ಇಟ್ಟರೆ ನಮ್ಮ ಅಡುಗೆಮನೆಯ ಲೋಟಗಳು ಗೂಡಿನಲ್ಲೇ ಕುಣಿಯುತ್ತವೆ. ಅದಕ್ಕೆ ಅಭಿಮಾನ ಎಂದು ಹೆಸರು. ಹೆಣ್ಣುಮಕ್ಕಳ ಉಸಿರು ಮಾತ್ರ ಶಬ್ದ.

ನನ್ನ ತಂಡದಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಳು. ಅಂಥ ಕಾಲು ನಾನು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ. ಮುಟ್ಟಿದ್ದು ಎದುರಿನವರಿಗೆ ಗೊತ್ತಾಗುವಷ್ಟರಲ್ಲಿ ತಿರುಗಿ ಗೆರೆ ದಾಟಿರುತ್ತಿದ್ದಳು. ಅವಳ ತಾಯಿ ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಹೊಲಿಯುವವರು, ಮನೆ ಸೇರುವ ಹೊತ್ತಿಗೆ ದೀಪ ಹತ್ತಿರುತ್ತದೆ. ಮನೆಯಲ್ಲಿ ಹಸು, ಒಲೆ, ಚಿಕ್ಕ ಮಕ್ಕಳು. ಆ ತಾಯಿ ನನ್ನೆದುರು ಕಡ್ಡಿ ತುಂಡುಮಾಡಿದ ಹಾಗೆ ಹೇಳಿದ್ದರು: ಮಂಡ್ಯದಲ್ಲಿ ಜಿಲ್ಲಾ ತಂಡಕ್ಕೆ ಆರಿಸಿದರೆ ಆಡಲಿ, ಇಲ್ಲದಿದ್ದರೆ ಶಾಲೆ ಬಿಟ್ಟ ಕೂಡಲೇ ಮನೆಗೆ. ಅವರದು ತಪ್ಪೆಂದು ನನಗೆ ಅನಿಸಲಿಲ್ಲ. ಆದರೆ ಆ ಕಾಲುಗಳು ಸಂಜೆ ಹೊತ್ತು ಒಲೆಯ ಮುಂದೆ ಮಡಚಿಕೊಂಡು ಕೂರಬಾರದೆಂದು ನಾನೂ ಹಟ ಹಿಡಿದೆ.

ಅಂತೂ ಅಭ್ಯಾಸ ಶುರುವಾಯಿತು. ಯಾರದಾದರೂ ದನಿ ತುಸು ಏರಿದರೆ ಪಾರ್ಕಿನ ಕಂಬಿಯಾಚೆ ಅಧ್ಯಕ್ಷರ ವಾಕಿಂಗ್ ನಿಲ್ಲುತ್ತಿತ್ತು, ಕಾವಲುಗಾರನ ಬೆರಳು ತುಟಿಗೆ ಬರುತ್ತಿತ್ತು. ಇನ್ನೊಂದು ದೂರು ಬಂದರೆ ಅನುಮತಿ ರದ್ದು ಎಂದು ಅಧಿಕಾರಿ ಮೊದಲೇ ಹೇಳಿದ್ದರು. ಮಕ್ಕಳು ಗಂಟಲಲ್ಲೇ ಗುನುಗುವುದನ್ನು ಕಲಿತರು. ನೋಡಿದವರಿಗೆ ಹದಿನಾಲ್ಕು ಹುಡುಗಿಯರು ಕೈಕೈ ಹಿಡಿದು ಕಳ್ಳತನಕ್ಕೆ ಹೊಂಚು ಹಾಕಿದಂತೆ ಕಾಣಿಸುತ್ತಿತ್ತು. ಪಕ್ಕದಲ್ಲಿ ಕ್ರಿಕೆಟ್ಟಿನವರು ಔಟೆಂದು ಅರಚಿ ಆಕಾಶ ಹರಿಯುತ್ತಿದ್ದರು. ಅವರಿಗೆ ಅನುಮತಿಯೇ ಇರಲಿಲ್ಲವಾದ್ದರಿಂದ ಷರತ್ತೂ ಇರಲಿಲ್ಲ.

ಮಂಡ್ಯದ ಆಯ್ಕೆ ಪಂದ್ಯಕ್ಕೆ ಹುಡುಗಿಯ ತಾಯಿ ರಜೆ ಹಾಕಿ ಬಂದರು. ನಮಗೆ ಎದುರಾದವರು ಮಳವಳ್ಳಿಯವರು. ನಾಲೆ ಪಕ್ಕದ ಬಯಲಿನಲ್ಲಿ ಆಡಿ ಬೆಳೆದ ಮಕ್ಕಳು. ಹತ್ತಿರದಲ್ಲೊಂದು ಪಾರ್ಕ್ ಇಲ್ಲದ್ದು ಅವರ ಪುಣ್ಯ. ಅವರ ಕಬಡ್ಡಿಗೆ ಸ್ಟೇಡಿಯಮ್ಮಿನ ತಗಡು ಅದುರುತ್ತಿತ್ತು. ನಮ್ಮವಳು ಮೊದಲ ಬಾರಿಗೆ ಗೆರೆ ದಾಟಿದಳು, ಇಬ್ಬರನ್ನು ಮುಟ್ಟಿದಳು, ಮೀನಿನ ಹಾಗೆ ನುಣುಚಿಕೊಂಡು ಬಂದಳು. ನಾನು ಚಪ್ಪಾಳೆಗೆ ಕೈಯೆತ್ತಿದ್ದೆ. ಅಂಪೈರ್ ಸೀಟಿ ಊದಿ ಮಳವಳ್ಳಿಗೆ ಅಂಕ ಕೊಟ್ಟರು.

ಓಡಿಹೋಗಿ ವಾದಿಸಿದೆ. ಅವರಿಗೂ ಬೇಸರವಿತ್ತು.

"ತುಟಿ ಆಡ್ತಿತ್ತು ಮೇಡಂ. ಸದ್ದೇ ಬರ್ನಿಲ್ವಲ್ಲ."

ಬಾಯಿ ಬಿಟ್ಟು ಅನ್ನು ಎಂದು ಅವಳಿಗೆ ಕೂಗಿ ಹೇಳಿದೆ. ಅವಳು ಪ್ರಯತ್ನಪಟ್ಟಳು. ಜೋರಾಗಿಯೇ ಶುರು ಮಾಡುತ್ತಿದ್ದಳು, ನಾಲ್ಕು ಹೆಜ್ಜೆಗೆ ದನಿ ತಾನಾಗಿ ಇಳಿಯುತ್ತಿತ್ತು. ಆಟದ ನಡುವೆ ಅವಳ ಕಣ್ಣು ಅಂಕಣದ ಅಂಚಿಗೆ ಹೋಗುತ್ತಿದ್ದದ್ದನ್ನು ಕಂಡೆ. ಅಲ್ಲಿ ಇಲ್ಲದ ಕಾವಲುಗಾರನನ್ನು ಹುಡುಕುತ್ತಿದ್ದಳು. ಮತ್ತೆ ಸೀಟಿ, ಮತ್ತೆ ವಾಪಸ್. ಸಂಜೆ ಜಿಲ್ಲಾ ತಂಡಕ್ಕೆಂದು ಓದಿದ ಹೆಸರುಗಳಲ್ಲಿ ಅವಳದಿರಲಿಲ್ಲ.

ಬಸ್ಸಿನಲ್ಲಿ ಮದ್ದೂರಿನ ಕಡೆ ಬರುವಾಗ ಹುಡುಗಿ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಅಳುವುದನ್ನೂ ಸದ್ದಿಲ್ಲದೆ ಅಳುತ್ತಿದ್ದಳು. ನನ್ನ ತರಬೇತಿ ಅಷ್ಟು ಚೆನ್ನಾಗಿತ್ತು. ತಾಯಿ ನನ್ನ ಕಡೆ ತಿರುಗಿ, ಮುಟ್ಟಿ ಬಂದವಳನ್ನು ಯಾಕೆ ಔಟು ಮಾಡಿದರು ಎಂದು ಕೇಳಿದರು. ಔಟಲ್ಲ ಎಂದು, ಷರತ್ತಿನ ಕತೆಯನ್ನೆಲ್ಲ ಹೇಳಿದೆ. ಆಕೆ ಒಂದು ಮಾತೂ ಆಡಲಿಲ್ಲ. ನಮ್ಮ ಕಡೆಯವರು ಸುಮ್ಮನಾದರೆ ಹೆದರಬೇಕು.

ಮರುದಿನ ಸಂಜೆ ಉಳಿದ ಮಕ್ಕಳನ್ನು ಕರೆದುಕೊಂಡು ಮೈದಾನಕ್ಕೆ ಹೋದೆ, ಅವಳು ಬರುವುದಿಲ್ಲವೆಂದೇ ತಿಳಿದು. ನೋಡಿದರೆ ತಾಯಿ, ಮಗಳು ಇಬ್ಬರೂ ಅಲ್ಲಿದ್ದರು. ತಾಯಿ ಕೆಲಸಕ್ಕೆ ಹೋಗಿರಲಿಲ್ಲ. ಪಾರ್ಕಿನೊಳಗೆ ಹೋಗಿ, ನಗೆಕೂಟದವರು ತಮ್ಮ ಹೆಸರು ಕೆತ್ತಿಸಿಕೊಂಡ ಸಿಮೆಂಟ್ ಬೆಂಚಿನ ಮೇಲೆ ಕಾಲು ಚಾಚಿ ಕೂತರು, ಅಲ್ಲಿಂದಲೇ ಕಂಬಿಯಾಚೆಯ ಮಗಳಿಗೆ ಶುರು ಮಾಡು ಎಂದರು. ಹುಡುಗಿ ಗೆರೆ ದಾಟಿದಳು. ಮೊದಲ ಕೂಗಿಗೇ ಅಧ್ಯಕ್ಷರು ಅಲ್ಲಿಗೆ ಬಂದು, ಇದು ಶಾಂತ ವಲಯ, ನಿಮ್ಮ ಹುಡುಗಿಗೆ ಸ್ವಲ್ಪ ಹೇಳಮ್ಮ ಎಂದರು. ಆಕೆ ಬೆಂಚಿನಿಂದ ಏಳಲಿಲ್ಲ.

"ನನ್ ಮಗಳು ಸೋತಿದ್ರೆ ಮನೆಗೆ ಕರ್ಕಂಡೋಗ್ತಿದ್ದೆ ಸ್ವಾಮಿ. ಅವ್ಳು ಸೋತಿಲ್ಲ, ನೀವು ಬಾಯಿ ಮುಚ್ಸಿದ್ದೀರಿ. ಇನ್ನೊಂದ್ ವರ್ಸ ಆಡ್ತಾಳೆ. ನೀವು ಬೆಳಿಗ್ಗೆ ನಗದ್ನ ನಿಲ್ಸಿ, ಅವ್ಳು ಸಂಜೆ ಕೂಗದ್ನ ನಿಲ್ಲುಸ್ತಾಳೆ."

ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಗೆರೆ ಅಳಿಸಿಹೋದ ಕಡೆ ಸುಣ್ಣ ಹಾಕುತ್ತಿದ್ದೆ. ಷರತ್ತು ಮುರಿದವಳು ನಾನು, ಅನುಮತಿ ಇಂದೋ ನಾಳೆಯೋ ರದ್ದಾಗುತ್ತದೆ. ಆಮೇಲೆ ಕ್ರಿಕೆಟ್ಟಿನವರ ಹಾಗೆ ಅನುಮತಿ ಇಲ್ಲದೆಯೇ ಆಡುವುದು ಎಂದು ಆಗಲೇ ತೀರ್ಮಾನಿಸಿದ್ದೆ. ಅಧ್ಯಕ್ಷರು ವಾಕಿಂಗ್ ಮುಂದುವರಿಸಿದರು.

ಹುಡುಗಿ ಮತ್ತೆ ಗೆರೆ ದಾಟಿದಳು. ನಾಲ್ಕು ಹೆಜ್ಜೆಗೆ ದನಿ ಇಳಿಯತೊಡಗಿತು, ಕಣ್ಣು ಅಂಚಿನ ಕಡೆ ಹೊರಳಿತು. ಈ ಸಲ ಅಂಚಿನಾಚೆಯ ಬೆಂಚಿನಲ್ಲಿ ಅವಳ ಅವ್ವ ಕೂತಿದ್ದಳು.

"ಇನ್ನೂ ಜೋರಾಗಿ ಅನ್ನು ಕಣವ್ವ. ಗೆಜ್ಜಲಗೆರೆಲಿ ಮಿಸಿನ್ ಮುಂದೆ ಕುಂತಿದ್ರೂ ನಂಗೆ ಕೇಳ್ಬೇಕು."