ಸಹಿಯ ಹೆಗಲೇರಿದ ಶಲ್ಯ

ಮೈಸೂರಿನಲ್ಲಿ ತಲೆ ನರೆಯುವವರೆಗೆ ಮನೆಗಳಿಗೆ ವೈರಿಂಗ್ ಮಾಡಿದ ನಾನು, ತಮಿಳುನಾಡಿನ ತಾಳವಾಡಿ ಬೆಟ್ಟದಲ್ಲಿ ಈಗ ಒಂದು ಬಲ್ಬನ್ನೂ ನನ್ನ ಹೆಸರಿನಲ್ಲಿ ಉರಿಸುವಂತಿಲ್ಲ. ನನಗಾದ ಅನ್ಯಾಯ ಇದು.

ಹೆಂಡತಿಯ ತವರಾದ ದೊಡ್ಡಗಾಜನೂರಿಗೆ ನೆಲೆಸಲು ಬಂದ ದಿನ ಪರರಾಜ್ಯವೆಂದೇ ಅನ್ನಿಸಲಿಲ್ಲ, ಅದೇ ವಿಚಿತ್ರವಾಗಿತ್ತು. ಬಸ್ಸಿನ ಹಲಗೆ ತಮಿಳು, ಒಳಗಿನ ಜಗಳ ಕನ್ನಡ. ನಮ್ಮ ಕಡೆಯದೇ ರಾಗಿ ಹೊಲಗಳು ಮಂಜಿನೊಳಗೆ ತೇಲುತ್ತಿದ್ದವು. ಗಡಿ ಎಲ್ಲಿ ದಾಟಿತೋ ನನ್ನ ಕಣ್ಣಿಗೆ ಬೀಳಲಿಲ್ಲ.

ಮೊದಮೊದಲು ನನ್ನ ಕರ್ನಾಟಕದ ಪರವಾನಗಿಗೆ ಬೆಲೆಯಿತ್ತು. ಆಮೇಲೆ ನಿಯಮ ಬದಲಾಯಿತು: ಈ ರಾಜ್ಯದ ‘ಉರಿಮಂ’, ಅಂದರೆ ಪರವಾನಗಿ, ಉಳ್ಳವರು ಸಹಿ ಹಾಕದೆ ಹೊಸ ಮನೆಗೆ ಕರೆಂಟಿಲ್ಲ. ಉರಿಮಂ ಬೇಕಾದರೆ ತಮಿಳಿನಲ್ಲಿ ಪರೀಕ್ಷೆ ಬರೆಯಬೇಕು. ನಾನು ತಮಿಳು ಆಡಬಲ್ಲೆ, ಬರೆಯಲಾರೆ. ದಿಂಬಂ ಘಾಟಿಯ ತಿರುವುಗಳನ್ನಿಳಿದು ಈರೋಡಿನ ಕಚೇರಿಗೆ ಹೋದೆ. ಎದುರಿಗೆ ಹರಿದ ಹಸಿರು ರೆಕ್ಸಿನ್ನಿನ ಕುರ್ಚಿ ಖಾಲಿಯಿತ್ತು, ಯಾರೂ ಕೂರಿ ಎನ್ನಲಿಲ್ಲ. ಈ ವಯಸ್ಸಿಗೆ ಉರಿಮಂ ಏಕೆ, ಮೊಮ್ಮಕ್ಕಳನ್ನು ಆಡಿಸಿಕೊಂಡಿರಿ ಎಂದು ಗುಮಾಸ್ತರು ನಕ್ಕರು. ಆ ನಗುವನ್ನು ನಾನು ಮರೆತಿಲ್ಲ.

“ಕತ್ಲೇಲಿ ಕೂರಕ್ಕೆ ಉರಿಮಂ ಬ್ಯಾಡ ಕಣ್ ಭಾವ, ಬನ್ನಿ,” ಎಂದು ಹೆಂಡತಿಯ ತಮ್ಮ ಅಂದು ಸಂಜೆ ಜಗಲಿಯಲ್ಲಿ ಜಾಗ ಬಿಟ್ಟುಕೊಟ್ಟ.

ಪಕ್ಕದ ಬೀದಿಯ ಪುಟ್ಟಮ್ಮ ಹೊಸ ಮನೆ ಕಟ್ಟಿಸಿದಾಗ ಗೋಡೆ ಕೊರೆದು, ಪೈಪು ಹೂತು, ವೈರೆಳೆದವನು ನಾನು. ಸಹಿ ಮಾತ್ರ ಉರಿಮಂ ಇದ್ದ, ಬೆಟ್ಟದ ಕೆಳಗಿನ ಸತ್ಯಮಂಗಲದವರೊಬ್ಬರದು. ಮನೆಯ ಬಾಗಿಲು ಯಾವ ದಿಕ್ಕಿಗಿದೆಯೆಂದೂ ಅವರು ಬಂದು ನೋಡಿರಲಿಲ್ಲ.

ಒಕ್ಕಲಿನ ದಿನ, ಅಂದರೆ ಗೃಹಪ್ರವೇಶದಂದು, ಕೆಲಸದವರನ್ನು ಕಸುಬಿನ ಹೆಸರಿನಿಂದ ಕೂಗಿ, ಮಣೆಯ ಮೇಲೆ ಕೂರಿಸಿ, ಶಲ್ಯ ಹೊದಿಸುವುದು ಆ ಮನೆಯವರ ವಾಡಿಕೆ. ಗಾರೆಯವರಾಯಿತು, ಬಡಗಿಯಾಯಿತು. ವೈರಿನವರು ಎಂದು ಕೂಗಿದಾಗ ನಾನೆದ್ದೆ. ಸತ್ಯಮಂಗಲದವರೂ ಎದ್ದರು. ಪುಟ್ಟಮ್ಮ ಇಬ್ಬರನ್ನೂ ನೋಡಿ ಶಲ್ಯವನ್ನು ಅವರಿಗೆ ಹೊದಿಸಿದರು. ನಿಂತವನು ನಿಂತೇ ಇದ್ದೆ.

ಆಮೇಲೆ ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: “ಬೇಜಾರ್ ಮಾಡ್ಕಬ್ಯಾಡಿ ಅಣ್ಣ. ಅವ್ರು ಮುನಿಸ್ಕಂಡ್ರೆ ನಾಳೆ ಕರೆಂಟ್ ಕಿತ್ತಾಕ್ಸ್‌ಬುಡ್ತಾರೆ. ಮೊದ್ಲ ಸ್ವಿಚ್ಚು ನೀವೇ ಆಕಿ.”

ಹಾಕಿದೆ. ಬೆಳಕು ಕಿಟಕಿಯಿಂದಿಳಿದು ಅಂಗಳದ ಮಂಜಿನಲ್ಲಿ ಹಳದಿಯಾಗಿ ಹರಡಿತು. ಅದರೊಳಗೆ ನಡೆದಾಡುತ್ತಿದ್ದವರು ನನಗೆ ಮೈಸೂರಿನವರಂತೆಯೂ ಕಂಡರು, ಇಲ್ಲಿಯವರಂತೆಯೂ ಕಂಡರು.

ನಿಯಮ ಮಾಡಿದ ಮಹನೀಯರೇ, ನಾಳೆ ಆ ಮನೆಯ ಗೋಡೆ ಮುಟ್ಟಿದ ಮಗುವಿಗೆ ಶಾಕ್ ಹೊಡೆದರೆ, ಪುಟ್ಟಮ್ಮ ಓಡಿಹೋಗಿ ಯಾರ ಬಾಗಿಲು ತಟ್ಟಬೇಕು: ಬೆಟ್ಟದ ಕೆಳಗಿನ ಆ ಸಹಿಯದೋ, ನನ್ನದೋ?