ಭಾವನ ಬಲಗಾಲು

ಬಸ್ಸಿನಲ್ಲಾಗಲಿ ಆಟೋದಲ್ಲಾಗಲಿ ಕೂತರೆ ನಮ್ಮ ಭಾವ ರಂಗಸ್ವಾಮಿಯವರ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಎಮ್ಮೆ ಅಡ್ಡ ಬಂದರೆ ಡ್ರೈವರಿಗಿಂತ ಮೊದಲು ಇವರು ನೆಲ ಒತ್ತುತ್ತಿದ್ದರು. ನೆಲಮಂಗಲದಿಂದ ಅರಿಶಿನಕುಂಟೆಗೆ ಬರುವಷ್ಟರಲ್ಲಿ ಪಕ್ಕದವರ ಚಪ್ಪಲಿ ತುಳಿದು ಬೈಸಿಕೊಂಡಿರುತ್ತಿದ್ದರು. ಅವರ ಜೊತೆ ಬಸ್ಸು ಹತ್ತಿದರೆ ನನಗೆ ಮರ್ಯಾದೆ ಹೋದ ಹಾಗಾಗುತ್ತಿತ್ತು.

ಅಕ್ಕನ ಗಂಡ ಅವರು, ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ಪೆಡಲ್ ಒತ್ತಿದರೆ ಪೈಪಿನೊಳಗಿನ ಬ್ರೇಕ್ ಆಯಿಲ್ ಎಷ್ಟು ಹೊತ್ತಿಗೆ, ಎಷ್ಟು ಬಲದಿಂದ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಬರೆದು ಕಂಪ್ಯೂಟರಿನಲ್ಲಿ ನಡೆಸಿ ನೋಡುವುದು ಅವರ ಸಂಶೋಧನೆ. ಒಂದು ಗುಳ್ಳೆ ಗಾಳಿ ಸೇರಿದರೂ ಉತ್ತರ ಬದಲಾಗುತ್ತದೆ ಎಂದು ಊಟಕ್ಕೆ ಕೂತಾಗಲೂ ಹೇಳುತ್ತಿದ್ದರು. "ಆಯಿಲ್ ಸುಳ್ಳು ಹೇಳಲ್ಲ ಕಣಯ್ಯ. ನೀನು ಒತ್ತಿದಷ್ಟೇ ಕೊಡುತ್ತೆ." ಇಷ್ಟಾಗಿಯೂ ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ನಾನು ರೇಗಿಸಿ ರೇಗಿಸಿ ಕೊನೆಗೆ ನಾನೇ ಕಲಿಸಲು ಕೂತೆ.

ಆ ವರ್ಷದ ಆಯುಧಪೂಜೆಗೆ ನನ್ನ ಕಾರಿಗೆ ಬಾಳೆಕಂದು ಕಟ್ಟಿ, ಗಾಲಿಗಳಿಗೆ ನಿಂಬೆಹಣ್ಣಿಟ್ಟು, ಕುಂಬಳಕಾಯಿ ಒಡೆದಿದ್ದೆವು. "ಬ್ರೇಕ್ ಪಂಡಿತರೇ ಇರುವಾಗ ನಾನ್ಯಾಕೆ ಹತ್ತಿಸ್ಲಿ?" ಎಂದು ಬೀದಿಯವರ ಮುಂದೆ ಭಾವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಪಕ್ಕದಲ್ಲಿ ಕೂತೆ. ನಿಂಬೆಹಣ್ಣು ಪಚಕ್ಕೆಂದಿತು, ಕಾರು ಜಿಗಿಯಿತು. ಅಷ್ಟರಲ್ಲಿ ಅಪ್ಪ ಕುಂಬಳಕಾಯಿ ಹೋಳೊಂದನ್ನು ತೆಗೆಯಲು ಮುಂದೆ ಬಂದರು. ಬಸ್ಸಿನಲ್ಲಿ ಸುಮ್ಮನಿರದ ಆ ಬಲಗಾಲು ಅವತ್ತು ಮರಗಟ್ಟಿತು. ಹ್ಯಾಂಡ್‌ಬ್ರೇಕ್ ನನ್ನ ಕೈಗೆಟುಕುವಲ್ಲೇ ಇತ್ತು. ನಾನು ಅಯ್ಯೋ ಎಂದೆನೇ ಹೊರತು ಎಳೆಯಲಿಲ್ಲ. ಅಪ್ಪನ ಕಾಲು ಮುರಿಯಿತು.

"ಬ್ರೇಕ್ ಫೇಲ್ ಆಗ್ಬಿಡ್ತು!" ಎಂದು ಮೊದಲು ಕೂಗಿದವನು ನಾನು. ನಮ್ಮ ಕಡೆ ಯಾರೂ ತಪ್ಪು ಮಾಡುವುದಿಲ್ಲ, ಬ್ರೇಕ್ ಫೇಲ್ ಆಗುತ್ತದೆ, ಅಷ್ಟೇ. ಸೇರಿದ ಜನ ಹೂಂಗುಟ್ಟಿದರು ಕೂಡ. ಭಾವ ಮಾತ್ರ ಇಳಿದು ಅಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಬ್ರೇಕ್ ಸರಿಯಾಗೇ ಇದೆ ಮಾವ. ನಾನೇ ಒತ್ತಲಿಲ್ಲ."

ಅಪ್ಪ ಕೋಲು ಹಿಡಿದು ನಡೆಯುವಂತಾದರು. ಭಾವ ಭಾನುವಾರ ಬಂದರೆ ಅವರ ಕಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದರು. ಅಳಿಯನ ಕೈಯಲ್ಲಿ ಕಾಲು ಮುಟ್ಟಿಸಿಕೊಳ್ಳಲು ಅಪ್ಪನಿಗೆ ಸಂಕೋಚ; ಭಾವ ಕೇಳುತ್ತಿರಲಿಲ್ಲ. ಒಮ್ಮೆ ತಿಕ್ಕುತ್ತಲೇ ನನಗೆ ಹೇಳಿದರು: "ಕಾಲು ತಕ್ಷಣ ಒತ್ತುತ್ತೆ ಅಂತ ಇಟ್ಕೊಂಡೇ ಅಷ್ಟೂ ಲೆಕ್ಕ ಮಾಡಿದ್ದೆ ಕಣಯ್ಯ. ಮನುಷ್ಯನ ಗಾಬರಿಗೆ ಅದರಲ್ಲಿ ಜಾಗವೇ ಇಟ್ಟಿರಲಿಲ್ಲ. ನಾಚಿಕೆ ಆಗುತ್ತೆ." ಅದನ್ನೂ ಸೇರಿಸಿ ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡಿದರು. ನಾಚಿಕೆ ನನಗೂ ಇತ್ತು, ಈಗಲೂ ಇದೆ. ಅವರ ಹಾಗೆ ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಹೋದ ವರ್ಷ ಭಾವ ಎದೆನೋವೆಂದು ಮಲಗಿದವರು ಏಳಲಿಲ್ಲ. ತಿಥಿಯ ಊಟದ ಪಂಕ್ತಿಯಲ್ಲಿ ತ್ಯಾಮಗೊಂಡ್ಲಿನ ನೆಂಟರೊಬ್ಬರು ಅಪ್ಪನ ಕೋಲು ನೋಡಿ ಕೇಳಿದರು: "ಅವತ್ತು ಬ್ರೇಕ್ ಫೇಲ್ ಆಗಿತ್ತಂತಲ್ಲ ಗೌಡ್ರೇ?"

ಸಾರು ಬಡಿಸುತ್ತಿದ್ದ ನಾನು ನಿಂತೆ. ಅಪ್ಪ ನನ್ನ ಮುಖ ನೋಡಿದರು, ಸ್ವಲ್ಪ ಹೊತ್ತು ಕಾದರು. ನಾನು ಮುಂದಿನ ಎಲೆಗೆ ಹೋದೆ.

"ಇಲ್ಲ ಕಣಪ್ಪ," ಎಂದರು ಅಪ್ಪ, ನನ್ನ ಬೆನ್ನ ಹಿಂದೆ. "ಬ್ರೇಕ್ ಚೆನ್ನಾಗೇ ಇತ್ತು. ನನ್ನಳಿಯನೇ ಹೇಳ್ದ. ಈ ಮನೇಲಿ ನಿಜ ಹೇಳೋನು ಅಂತ ಇದ್ದಿದ್ದು ಅವನೊಬ್ಬನೇ."