ಟರ್ಬೊ ಕಾರಿಗೆ ಕಟ್ಟಿದ ಹಗ್ಗ

ಹಗ್ಗ ಕಟ್ಟಿದವನನ್ನು ನಾನು ಮರೆಯಲಿಲ್ಲ. ಮರೆಯುವುದಿರಲಿ, ಊಟಕ್ಕೆ ಕೂತರೂ ಅವನ ಹಲ್ಲುಗಿಂಜಿದ ಮುಖವೇ ಕಣ್ಣ ಮುಂದೆ ಬರುತ್ತಿತ್ತು.

ಅವನು ನನ್ನ ತಂಗಿಯ ಗಂಡನ ಸೋದರಮಾವ. ಮದುವೆ ಮುಗಿದ ಮೇಲೆ ಅವಳನ್ನು ಹನಗೋಡಿನಿಂದ ಹಾರನಹಳ್ಳಿಗೆ, ಮನೆ ತುಂಬಿಸಲು, ನನ್ನ ಗಾಡಿಯಲ್ಲೇ ಕರೆದೊಯ್ಯುತ್ತಿದ್ದೆ. ಕೋಟೆ ಕಡೆಯವರೊಬ್ಬರಿಂದ ಕೊಂಡ ಹಳೆಯ ಟರ್ಬೊ ಡೀಸೆಲ್. ಜನ, ಪಾತ್ರೆ, ಹಾಸಿಗೆ ಎಲ್ಲ ತುಂಬಿಕೊಂಡು ದೊಡ್ಡ ಏರಿನ ನಡುವೆ ಉಸಿರು ಕಟ್ಟಿ ನಿಂತುಬಿಟ್ಟಿತು. ಅದೇ ಮಾದರಿಯ ಹೊಸ ಗಾಡಿಯಲ್ಲಿ ಬಂದ ಈ ಪುಣ್ಯಾತ್ಮ ಎತ್ತಿನ ಹಗ್ಗ ತೆಗೆದು ನಮ್ಮ ಬಂಪರಿಗೆ ಬಿಗಿದ. ಏರು ದಾಟಿದ ಮೇಲೆ, ಇನ್ನು ಬಿಚ್ಚಿ ಎಂದು ಬೇಡಿಕೊಂಡೆ.

"ಸುಮ್ಕಿರ್ಲಾ, ಮನೆ ಮುಂದ್ಕೇ ಎಳ್ಕಂಡ್ ಓಯ್ತೀನಿ."

ಹಾರ್ನ್ ಒತ್ತುತ್ತಾ ಊರೊಳಗೆಲ್ಲ ಎಳೆದ. ಅಂದಿನಿಂದ ನನ್ನ ತಂಗಿಗೆ ಆ ಊರಿನಲ್ಲಿ ಹೆಸರೇ ಇಲ್ಲ. ಎಲ್ಲರ ಬಾಯಲ್ಲೂ ಹಗ್ಗದ ಸೊಸೆ.

ಆಷಾಢಕ್ಕೆ ತವರಿಗೆ ಬಂದವಳು ಅತ್ತುಬಿಟ್ಟಳು. "ನೀರಿಗ್ ಓದ್ರೂ ಅಂಗೇ ಕರೀತಾರೆ ಕಣಣ್ಣ. ನಾನಿನ್ ಅಲ್ಲಿಗ್ ಓಗಾಕಿಲ್ಲ."

"ಓಗ್ತೀಯ. ತಲೆ ಎತ್ಕಂಡೇ ಓಗ್ತೀಯ, ಬುಡು," ಎಂದೆ. ಮಾರನೆಯ ದಿನವೇ, ಏರು ಹತ್ತುವ ಪವರ್ ಬೇಕೆಂದು ಗಾಡಿಯನ್ನು ರಿಪೇರಿಗೆ ಒಯ್ದೆ.

ಹುಣಸೂರಿನ ಮೆಕ್ಯಾನಿಕ್ ಸಾಬರು ಎಂಜಿನ್ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಕೊಟ್ಟರು. ಗಾಡಿ ಕರ್ರನೆ ಹೊಗೆ ಕಾರಿತು. "ಎಲ್ಲಾರೂ ಇದನ್ನೇ ಕೇಳೋದು. ಹೊಗೆ ಬಂದ್ರೆ ಪವರ್ ಬಂತು ಅಂತಾರೆ. ಹಗ್ಗ ಕಟ್ಟಿದ ಆ ನಿಮ್ ಹಾರನಹಳ್ಳಿ ಬೀಗರೂ ಮಾಡಿಸ್ಕೊಂಡ್ ಹೋದ್ರು," ಎಂದು ನಕ್ಕರು.

ನಾನು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆ ಮುಂದೆ ಬೆಳೆದವನು. ಗಾಳಿ ಸಾಲದಿದ್ದರೆ ಸೌದೆ ಎಷ್ಟು ತುರುಕಿದರೂ ಬರೀ ಹೊಗೆ. "ಗಾಳಿ ಜಾಸ್ತಿ ಮಾಡೋಣ ಕಣ್ರೀ," ಎಂದೆ. ಸೀಳಿದ್ದ ಗಾಳಿ ಪೈಪು ಬದಲಾಯಿತು. ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊದ ಒತ್ತಡವನ್ನು ತಗ್ಗಿಸುವ ಕವಾಟ ತಡವಾಗಿ ತೆರೆಯಲೆಂದು ಸಾಬರು ಅದರ ಕಡ್ಡಿ ಬಿಗಿದರು, ಆ ಗಾಳಿಯ ಒತ್ತಡ ನೋಡಲು ಬೂಸ್ಟ್ ಮೀಟರ್ ಕೂರಿಸಿದರು. ಆಷಾಢವಿಡೀ ನನಗೆ ಅದೇ ಕೆಲಸ: ಏರು ಹತ್ತಿಸುವುದು, ಹೊಗೆ ನೋಡುವುದು, ಡೀಸೆಲ್ ಒಂಚೂರು ತಗ್ಗಿಸುವುದು, ಮತ್ತೆ ಹತ್ತಿಸುವುದು. ಕೊನೆಗೆ ಹೊಗೆ ತೆಳ್ಳಗಾಯಿತು. ಪೆಡಲ್ ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು.

ಭೀಮನ ಅಮಾವಾಸ್ಯೆ ಕಳೆದು ತಂಗಿಯನ್ನು ಕರೆದೊಯ್ಯಲು ಅವನೇ ನೆಂಟರೊಂದಿಗೆ ಬಂದ. ಅವನ ಗಾಡಿಯ ಹೊಗೆಗೆ ನಮ್ಮ ಅಂಗಳವೇ ಕಪ್ಪಾಯಿತು. "ಏನ್ಲಾ, ನಿನ್ ಗಾಡೀಲಿ ಒಗೇನೇ ಇಲ್ಲ, ಸತ್ತೋಗೈತಾ?" ಎಂದ. ತಾನೂ ಮನೆಯಲ್ಲಿ ಬ್ಯಾರನ್ ಇಟ್ಟುಕೊಂಡು ಹೊಗೆಯನ್ನೇ ಬಲ ಎನ್ನುವುದೇ! ನಾನು ಕೈಮುಗಿದು, ತವರಿನ ರಾಗಿ ಮೂಟೆಗಳೂ ನೆಂಟರೂ ನಿಮ್ಮ ಪವರ್ ಗಾಡಿಯಲ್ಲೇ ಇರಲಿ ಎಂದೆ. ಉಬ್ಬಿಹೋದ. ತಂಗಿಯನ್ನು ನನ್ನ ಗಾಡಿಗೆ ಹತ್ತಿಸಿಕೊಂಡೆ.

ಅದೇ ಏರು. ನಾನು ಹಿಂದಿನಿಂದ ಒತ್ತಿಕೊಂಡು ಬಂದೆ. ದಾರಿ ಬಿಡಲೊಲ್ಲದೆ ಅವನು ಪೆಡಲ್ ತುಳಿದೇ ತುಳಿದ. ಕಪ್ಪು ಹೊಗೆ, ಆಮೇಲೆ ರೇಡಿಯೇಟರಿನಿಂದ ಬಿಳಿ ಹಬೆ. ನಿಂತೇಬಿಟ್ಟ. ನನಗಾದ ಸಂತೋಷವನ್ನು ಹೇಳಲಾರೆ.

ಅವನದೇ ಹಗ್ಗ ನನ್ನ ಸೀಟಿನ ಕೆಳಗಿತ್ತು, ಮದುವೆಯ ದಿನದಿಂದ. "ಕಟ್ಲಾ, ಮಾವ?"

ಅವನ ಗಾಡಿ, ಅವನ ನೆಂಟರು, ನಮ್ಮ ರಾಗಿ, ಎಲ್ಲವನ್ನೂ ನನ್ನ ಮುದುಕ ಗಾಡಿ ಏರು ಹತ್ತಿಸಿತು. ಊರ ಬಾಗಿಲಿಗೆ ಬರುತ್ತಲೇ ಹಿಂದಿನಿಂದ ಕೂಗಿದ: "ಇಲ್ಲೇ ಬಿಚ್ಚಿಬುಡಪ್ಪಾ, ನಿನ್ನ ದಮ್ಮಯ್ಯ."

ಕಾರು ನಿಧಾನಿಸಿ ಪಕ್ಕದಲ್ಲಿದ್ದ ತಂಗಿಯನ್ನು ನೋಡಿದೆ. ಗಂಡನ ಮನೆಯವರೆದುರು ಎಂದೂ ಬಾಯಿ ತೆರೆಯದವಳು ಕಿಟಕಿಯಿಂದ ತಲೆ ಹೊರಹಾಕಿದಳು.

"ಸುಮ್ಕಿರಿ ಮಾವ, ಮನೆ ಮುಂದ್ಕೇ ಎಳ್ಕಂಡ್ ಓಯ್ತೀವಿ."

ಆಮೇಲೆ ನನ್ನ ಕೈ ಸರಿಸಿ ಹಾರ್ನ್ ಒತ್ತಿದಳು. ಮನೆ ಬಾಗಿಲು ಬರುವವರೆಗೂ ಬಿಡಲಿಲ್ಲ.